ರೀಕಾಲ್ ಆದ ಡೀಸೆಲ್ ಕಾರು: ಇಟ್ಟುಕೊಳ್ಳಬೇಕೋ, ಮಾರಬೇಕೋ, ಕಂಪನಿಗೇ ಒಪ್ಪಿಸಬೇಕೋ

ದೋಷ ಸರಿಪಡಿಸಲು ಕಂಪನಿ ಗಾಡಿಯನ್ನು ಮರಳಿ ಕರೆಯುವುದೇ ರೀಕಾಲ್. ಅದರ ಪತ್ರ ಕೈಗೆ ಬಂದಾಗ ಕಲಬುರಗಿ, ಬೀದರ್, ಯಾದಗಿರಿ ಕಡೆ ಎರಡು ತಪ್ಪು ಹೆಚ್ಚಾಗಿ ನಡೆಯುತ್ತವೆ. ಕೆಲವರು ಗಾಡಿಯೇ ಕೆಟ್ಟದ್ದೆಂದು ತಿಳಿದು ಅದೇ ವಾರ ದಲ್ಲಾಳಿಗೆ ಫೋನ್ ಹಚ್ಚುತ್ತಾರೆ. ಉಳಿದವರು ಪತ್ರವನ್ನು ಡ್ಯಾಶ್‌ಬೋರ್ಡಿನ ಖಾನೆಗೆ ಹಾಕಿ ಮರೆಯುತ್ತಾರೆ. ಎರಡರಲ್ಲೂ ನಷ್ಟ ಮಾಲಕರದ್ದೇ. ರೀಕಾಲ್ ಕೆಲಸ ಬಾಕಿ ಇರುವ ಗಾಡಿಗೆ ಕೊಳ್ಳುವವನು ಹೇಳಿದ್ದೇ ದರ. ಅದೇ ಕೆಲಸ ಪುಕ್ಕಟೆ ಮಾಡಿಸಿಕೊಂಡು ಜಾಬ್ ಕಾರ್ಡ್ (ಸರ್ವೀಸ್ ಸೆಂಟರ್ ಕೊಡುವ, ಮಾಡಿದ ಕೆಲಸದ ಚೀಟಿ) ಕೈಯಲ್ಲಿಟ್ಟುಕೊಂಡರೆ ಚೌಕಾಶಿ ನಿಮ್ಮ ಕೈಯಲ್ಲಿರುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ರೀಕಾಲ್ ಕೆಲಸ ಮತ್ತು ಅದರ ಕಾಗದ, ನಂತರ ಎಂಜಿನ್ ತಪಾಸಣೆ, ಆಮೇಲೆ ಮೂರು ವರ್ಷದ ಖರ್ಚಿನ ಲೆಕ್ಕ. ಮಾರುವ ಮಾತು ಇವೆಲ್ಲ ಮುಗಿದ ಮೇಲೆ.

ಇದಕ್ಕೆ ಒಂದೇ ಅಪವಾದ. ಬ್ರೇಕ್, ಸ್ಟಿಯರಿಂಗ್, ಏರ್‌ಬ್ಯಾಗ್ ಅಥವಾ ಇಂಧನ ಸೋರಿಕೆಗೆ ಸಂಬಂಧಿಸಿದ ರೀಕಾಲ್ ಆಗಿದ್ದರೆ ಲೆಕ್ಕಾಚಾರ ಬದಿಗಿಟ್ಟು, ಕೆಲಸ ಆಗುವವರೆಗೆ ಗಾಡಿಯನ್ನು ಹೆದ್ದಾರಿಗೆ ಇಳಿಸಬೇಡಿ.

ಹಂತ 1: ಗಾಡಿ ಪಟ್ಟಿಯಲ್ಲಿದೆಯೇ ಎಂದು ಛಾಸಿ ನಂಬರಿನಿಂದ ನೋಡಿ

ಪತ್ರಿಕೆಯಲ್ಲಿ ಮಾಡೆಲ್ ಹೆಸರು ಬಂದ ಮಾತ್ರಕ್ಕೆ ನಿಮ್ಮ ಗಾಡಿ ಅದರಲ್ಲಿದೆ ಎಂದಲ್ಲ. ರೀಕಾಲ್ ಸಾಮಾನ್ಯವಾಗಿ ಇಂತಿಂಥ ತಾರೀಖಿನ ನಡುವೆ ತಯಾರಾದ ಗಾಡಿಗಳಿಗೆ ಮಾತ್ರ. 2021ರ ಫೆಬ್ರುವರಿಯಲ್ಲಿ ಮಹೀಂದ್ರ ಡೀಸೆಲ್ ಥಾರ್‌ನ ಕ್ಯಾಮ್‌ಶಾಫ್ಟ್ (ಎಂಜಿನ್ ವಾಲ್ವ್ ತೆರೆಯುವ ದಂಡ) ತಪಾಸಣೆಗೆ ಕರೆದದ್ದು 1,577 ಗಾಡಿಗಳನ್ನಷ್ಟೇ. ಅವು 2020ರ ಸೆಪ್ಟೆಂಬರ್ 7ರಿಂದ ಡಿಸೆಂಬರ್ 25ರ ನಡುವೆ ತಯಾರಾದವು. ಅದಕ್ಕೂ ಆಚೀಚೆ ತಯಾರಾದ ಥಾರ್ ಇದ್ದವರು ಸುಮ್ಮನೆ ಹೆದರುವ ಕಾರಣ ಇರಲಿಲ್ಲ.

ಛಾಸಿ ನಂಬರ್ 17 ಅಕ್ಷರ-ಅಂಕಿಗಳದ್ದು. ಆರ್‌ಸಿಯಲ್ಲಿದೆ, ಗಾಡಿಯ ಮೇಲೂ ಕೊರೆದಿರುತ್ತದೆ. ಎರಡನ್ನೂ ಹೋಲಿಸಿ ನೋಡಿ. ಮೊಬೈಲ್ ಆ್ಯಪ್‌ಗಳಲ್ಲಿ ಕೆಲವು ಅಂಕಿ ಮುಚ್ಚಿರುವುದರಿಂದ ಮೂಲ ಆರ್‌ಸಿಯಿಂದಲೇ ಬರೆದುಕೊಳ್ಳಿ. ಕಂಪನಿಯ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಹಾಕಿ ನೋಡಿ, ಬಂದ ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆಮೇಲೆ ಸರ್ವೀಸ್ ಸೆಂಟರಿಗೆ ಫೋನ್ ಮಾಡಿ ನೇರ ಕೇಳಿ: "ಈ ಛಾಸಿ ನಂಬರ್ ಮ್ಯಾಲ ಯಾವ ಕ್ಯಾಂಪೇನ್ ಓಪನ್ ಅದ, ಅದರ ಕೋಡ್ ಏನದ ಹೇಳ್ರಿ." ಕಂಪನಿಯವರ ಒಳಭಾಷೆಯಲ್ಲಿ ರೀಕಾಲ್‌ಗೆ ಕ್ಯಾಂಪೇನ್ ಎನ್ನುತ್ತಾರೆ. "ರೀಕಾಲ್ ಇಲ್ಲ" ಎಂದವರೇ "ಕ್ಯಾಂಪೇನ್ ಅದ" ಎನ್ನುವುದುಂಟು. ಹೀಗಾಗಿ ಎರಡೂ ಶಬ್ದ ಹಾಕಿ ಕೇಳಬೇಕು.

ಸೆಕೆಂಡ್ ಹ್ಯಾಂಡ್ ತಗೊಂಡವರಿಗೆ ಪತ್ರ ಬಂದೇ ಬರುತ್ತದೆಂದಿಲ್ಲ, ಅದು ಹಳೇ ಮಾಲಕನ ವಿಳಾಸಕ್ಕೆ ಹೋಗಿರಬಹುದು. ದೆಹಲಿ ಸೀಮೆಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಗಾಡಿಗಳು ಎನ್‌ಓಸಿ (ಆರ್‌ಟಿಓದ ನಿರಾಕ್ಷೇಪಣಾ ಪತ್ರ) ಹಿಡಿದು ಬೇರೆ ರಾಜ್ಯಗಳಿಗೆ ಬರುತ್ತಿವೆ. ಅಂಥ ಗಾಡಿ ಕೊಂಡಿದ್ದರೆ ಈ ಹಂತ ತಪ್ಪಿಸಲೇಬೇಡಿ.

ಊರಲ್ಲಿ ನಿಮ್ಮ ಕಂಪನಿಯ ಸರ್ವೀಸ್ ಇಲ್ಲದಿದ್ದರೂ ಚಿಂತೆ ಬೇಡ. ರೀಕಾಲ್ ಕೆಲಸ ದೇಶದ ಯಾವ ಅಧಿಕೃತ ಸರ್ವೀಸ್ ಸೆಂಟರಿನಲ್ಲಾದರೂ ಆಗುತ್ತದೆ. ಆಳಂದ, ಅಫಜಲಪುರದವರಿಗೆ ಸೊಲ್ಲಾಪುರ ಹತ್ತಿರ, ಬೀದರಿನವರಿಗೆ ಹೈದರಾಬಾದ್. ಹೊರಡುವ ಮೊದಲು ಆ ಭಾಗ ಸ್ಟಾಕಿನಲ್ಲಿದೆಯೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ. ಭಾಗವಿಲ್ಲದೆ ನೂರು ಕಿಲೋಮೀಟರ್ ಹೋಗಿ ಬರಿಗೈಲಿ ಮರಳುವುದು ಈ ಭಾಗದಲ್ಲಿ ಅಪರೂಪವಲ್ಲ.

ಹಂತ 2: ರೀಕಾಲ್ ಎಂಥದ್ದು?

ಎಲ್ಲ ರೀಕಾಲೂ ಒಂದೇ ತೂಕದ್ದಲ್ಲ.

ಮೊದಲನೆಯದು ಬಿಡಿಭಾಗದ ರೀಕಾಲ್. 2022ರ ಡಿಸೆಂಬರಿನಲ್ಲಿ ಮಹೀಂದ್ರ 12,566 ಎಕ್ಸ್‌ಯುವಿ700 ಮತ್ತು 6,618 ಸ್ಕಾರ್ಪಿಯೊ-ಎನ್ ಗಾಡಿಗಳನ್ನು ಕರೆದದ್ದು ಮ್ಯಾನುವಲ್ ಗೇರಿನ ಬೆಲ್ ಹೌಸಿಂಗ್ (ಕ್ಲಚ್ಚಿನ ಕವಚ) ಒಳಗಿನ ರಬ್ಬರ್ ಬೆಲೋ ಸಲುವಾಗಿ. ಇಂಥ ರೀಕಾಲಿನಲ್ಲಿ ಭಾಗ ಬದಲಾಯಿತೆಂದರೆ ತೊಂದರೆ ಮುಗಿಯಿತು. ಈ ಕಾರಣಕ್ಕೆ ಗಾಡಿ ಮಾರುವುದು ತಿಳಿಗೇಡಿತನ.

ಎರಡನೆಯದು ಕಾಗದದ ತಕರಾರು. 2024ರ ಜನವರಿಯಲ್ಲಿ ಡೀಸೆಲ್ ಎಂಜಿನ್ನಿನ ಅಶ್ವಶಕ್ತಿ ಪ್ರಮಾಣೀಕರಣ ಪರೀಕ್ಷೆಯಲ್ಲಿ ಅಕ್ರಮ ಕಂಡುಬಂದು ಟೊಯೊಟಾ ಭಾರತದಲ್ಲಿ ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ರವಾನೆಯನ್ನು ಕೆಲದಿನ ನಿಲ್ಲಿಸಿ ಮತ್ತೆ ಶುರು ಮಾಡಿತು. ಇಂಥದರಲ್ಲಿ ಮಾಲಕರು ಮಾಡಬೇಕಾದ್ದು ಬಹಳವಿಲ್ಲ.

ಮೂರನೆಯದು ಹೊಗೆಯ ರೀಕಾಲ್. ತಲೆನೋವಿನದು ಇದೇ. 2013ರ ಜುಲೈಯಲ್ಲಿ ಜನರಲ್ ಮೋಟರ್ಸ್ ಭಾರತದಲ್ಲಿ ಸುಮಾರು 1.14 ಲಕ್ಷ ಶೆವರ್ಲೆ ಟವೇರಾಗಳನ್ನು ಹೊಗೆ ಮತ್ತು ನಿಗದಿತ ಮಾನದಂಡದ ಕಾರಣಕ್ಕೆ ಕರೆಯಿತು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಫೋಕ್ಸ್‌ವ್ಯಾಗನ್ನಿನ ಮೋಸ ಬಯಲು ಮಾಡಿತು. ಗಾಡಿ ಪರೀಕ್ಷೆಯ ರೋಲರ್ ಮೇಲಿದೆ ಎಂದು ಗುರುತಿಸಿ, ಆಗ ಮಾತ್ರ ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡುವ ಸಾಫ್ಟ್‌ವೇರ್ ಅದು. ಜಗತ್ತಿನಲ್ಲಿ ಸುಮಾರು 1.1 ಕೋಟಿ ಗಾಡಿ, ಭಾರತದಲ್ಲಿ ಇಎ189 ಎಂಜಿನ್ನಿನ ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಸೇರಿ ಸುಮಾರು 3.23 ಲಕ್ಷ. ಅಮೆರಿಕದಲ್ಲಿ ನ್ಯಾಯಾಲಯದ ಒಪ್ಪಂದದಂತೆ ಕಂಪನಿ ಗಾಡಿ ಮರಳಿ ಕೊಂಡಿತು. ನಮ್ಮಲ್ಲಿ ಸಿಕ್ಕಿದ್ದು ರಿಪೇರಿ ಮಾತ್ರ.

ಹೊಗೆಯ ರೀಕಾಲಿನ ಒಳಗುಟ್ಟು ಅರ್ಥವಾದರೆ ಮುಂದಿನ ಹಂತಗಳೆಲ್ಲ ಸುಲಭ. ನೈಟ್ರೋಜನ್ ಆಕ್ಸೈಡ್ ಇಳಿಸಬೇಕಾದರೆ ಸುಟ್ಟ ಗಾಳಿಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸಬೇಕು. ಆ ಕೆಲಸ ಇಜಿಆರ್ ವಾಲ್ವ್‌ನದು. ಹೊಸ ಸಾಫ್ಟ್‌ವೇರ್ ಈ ವಾಲ್ವನ್ನು ಮೊದಲಿಗಿಂತ ಹೆಚ್ಚು ಹೊತ್ತು ತೆರೆದಿಡಬಹುದು. ಹಾಗಾದರೆ ಸಿಲಿಂಡರಿನ ಶಾಖ ಇಳಿಯುತ್ತದೆ, ನೈಟ್ರೋಜನ್ ಆಕ್ಸೈಡ್ ಕಡಿಮೆಯಾಗುತ್ತದೆ, ಆದರೆ ಮಸಿ ಹೆಚ್ಚುತ್ತದೆ. ಮಸಿ ಇಜಿಆರ್ ಮತ್ತು ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಕಟ್ಟುತ್ತದೆ. ಡಿಪಿಎಫ್ (ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್) ಇದ್ದರೆ ಅದು ಬೇಗ ತುಂಬುತ್ತದೆ. ತುಂಬಿದ್ದನ್ನು ಸುಡಲು ಗಾಡಿ ಹೆಚ್ಚು ಡೀಸೆಲ್ ಚಿಮ್ಮಿಸುತ್ತದೆ, ಸುಡುವುದು ಅರ್ಧಕ್ಕೆ ನಿಂತರೆ ಆ ಡೀಸೆಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಈ ಸರಪಳಿಯ ಯಾವ ಕೊಂಡಿ ನಿಮ್ಮ ಗಾಡಿಯಲ್ಲಿ ಮೊದಲೇ ಸೋತಿದೆಯೋ, ರೀಕಾಲ್ ಆದ ಮೇಲೆ ತೊಂದರೆ ಅಲ್ಲೇ ಮೇಲೆದ್ದು ಕಾಣುತ್ತದೆ. "ರೀಕಾಲ್ ಮಾಡಿಸಿದ ಮ್ಯಾಲ ಗಾಡಿ ಕೆಟ್ಟಿತು" ಎಂಬ ಮಾತಿನ ಹಿಂದೆ ಅನೇಕ ಸಲ ಇರುವುದು ಇದು.

ಈ ಭಾಗದಲ್ಲಿ ಇದಕ್ಕೆ ಧೂಳೂ ಕೂಡುತ್ತದೆ. ವಾಡಿ, ಶಹಾಬಾದ, ಸೇಡಂ ಸುತ್ತಿನ ಸಿಮೆಂಟ್ ಮತ್ತು ಕಲ್ಲುಗಣಿಯ ನುಣ್ಣನೆ ಪುಡಿ, ತೊಗರಿ ರಾಶಿಯ ಕಾಲದ ಹೊಟ್ಟು, ಬೇಸಿಗೆಯ ಹಳ್ಳಿರಸ್ತೆಯ ಕರಿಮಣ್ಣು. ಏರ್ ಫಿಲ್ಟರ್ ದಾಟಿ ಹೋದ ಧೂಳು ಗಾಳಿ ಅಳೆಯುವ ಮಾಫ್ ಸೆನ್ಸರಿನ ತಂತಿಯ ಮೇಲೆ ಕೂರುತ್ತದೆ. ಸೆನ್ಸರ್ ತಪ್ಪು ಹೇಳಿದರೆ ಇಜಿಆರ್ ಲೆಕ್ಕವೂ ತಪ್ಪು. ರೀಕಾಲಿಗೆ ಬಿಡುವ ಮುನ್ನ ಹೊಸ ಏರ್ ಫಿಲ್ಟರ್ ಹಾಕಿಸಿ, ಮಾಫ್ ಸೆನ್ಸರನ್ನು ಅದಕ್ಕೆಂದೇ ಇರುವ ಸ್ಪ್ರೇಯಿಂದ ತೊಳೆಸಿ. ಬಟ್ಟೆ ತಾಗಿಸಿ ಒರೆಸಿದರೆ ತಂತಿ ಮುರಿಯುತ್ತದೆ. ಸಿಮೆಂಟ್ ಪಟ್ಟಿಯಲ್ಲಿ ದಿನಾ ಓಡುವ ಗಾಡಿಗೆ, ಮ್ಯಾನುವಲ್ಲಿನಲ್ಲಿ ಬರೆದ ಅವಧಿಯ ಅರ್ಧಕ್ಕೇ ಏರ್ ಫಿಲ್ಟರ್ ಬದಲಿಸುವುದು ಲೇಸು.

ಹಂತ 3: ಬಿಡುವ ಮೊದಲು ಗಾಡಿಯ ಸ್ಥಿತಿ ದಾಖಲಿಸಿ

ನಾಳೆ "ಮೈಲೇಜ್ ಬಿತ್ತು, ಪಿಕಪ್ ಹೋಯಿತು" ಎನ್ನಬೇಕಾದರೆ ಮೊದಲು ಎಷ್ಟಿತ್ತು ಎಂಬುದಕ್ಕೆ ಆಧಾರ ಬೇಕು. ಒಂದೇ ಬಂಕಿನಲ್ಲಿ, ಪಂಪು ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ ಓಡಿಸಿ, ಮತ್ತೆ ಹಾಗೆಯೇ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಹೀಗೆ ಮೂರು ಟ್ಯಾಂಕ್ ಅಳೆದು ಸರಾಸರಿ ತೆಗೆಯಿರಿ. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎಸಿ ಹಾಕಿದ್ದರೆ ಮೂರೂ ಸಲ ಹಾಕಿರಬೇಕು. ಏಪ್ರಿಲ್‌ನ 42 ಡಿಗ್ರಿ ಬಿಸಿಲಲ್ಲಿ ಬಂದ ಅಂಕಿಗೆ ಆಗಸ್ಟಿನ ಅಂಕಿ ಹೋಲಿಸಿದರೆ ಅರ್ಥವಿಲ್ಲ.

ಪಿಕಪ್ಪಿಗೆ ಒಂದು ಖಾಲಿ ನೇರ ರಸ್ತೆ ಸಾಕು. ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಏರಲು ಎಷ್ಟು ಸೆಕೆಂಡು ಎಂದು ಪಕ್ಕದಲ್ಲಿ ಕುಳಿತವರಿಂದ ಮೂರು ಸಲ ಅಳೆಸಿ. ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಫಾಲ್ಟ್ ಕೋಡ್‌ಗಳ ಪ್ರಿಂಟ್ ತೆಗೆಸಿ. ಓಡೋಮೀಟರ್, ಆಯಿಲ್ ಡಿಪ್‌ಸ್ಟಿಕ್, ಕೂಲಂಟ್ ಮಟ್ಟದ ಫೋಟೋ ತಾರೀಖು ಬರುವಂತೆ ತೆಗೆದಿಡಿ.

ಹಿಂದೆ ಯಾರಾದರೂ ಚಿಪ್ ಟ್ಯೂನಿಂಗ್ (ಪಿಕಪ್ಪಿಗೆಂದು ಎಂಜಿನ್ ಸಾಫ್ಟ್‌ವೇರ್ ಬದಲಿಸುವುದು) ಮಾಡಿಸಿದ್ದರೆ, ಇಜಿಆರ್ ಮುಚ್ಚಿಸಿದ್ದರೆ ಅಥವಾ ಡಿಪಿಎಫ್ ಒಳಭಾಗ ಒಡೆಸಿ ತೆಗೆಸಿದ್ದರೆ ಅದನ್ನು ಮೊದಲೇ ಹೇಳಿಬಿಡಿ. ಅಪ್‌ಡೇಟ್ ಆ ಟ್ಯೂನಿಂಗನ್ನು ಅಳಿಸುತ್ತದೆ, ಇಲ್ಲವೇ ಅರ್ಧಕ್ಕೆ ನಿಂತು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಸತ್ತುಹೋಗಬಹುದು. ಮುಚ್ಚಿದ ಇಜಿಆರ್ ಮೇಲೆ ಹೊಸ ಸಾಫ್ಟ್‌ವೇರ್ ಬಂದರೆ ಎಂಜಿನ್ ದೀಪ ಹೊತ್ತಿಕೊಂಡೇ ಇರುತ್ತದೆ.

ಹಂತ 4: ಸರ್ವೀಸ್ ಸೆಂಟರಿನಲ್ಲಿ

ಸಾಫ್ಟ್‌ವೇರ್ ಹಾಕುವಾಗ ಬ್ಯಾಟರಿಗೆ ಹೊರಗಿನಿಂದ ಸ್ಥಿರ ಸಪ್ಲೈ ಕೊಡಬೇಕು. ನಡುವೆ ವೋಲ್ಟೇಜ್ ಬಿದ್ದರೆ ಇಸಿಯು ಕೆಡುತ್ತದೆ. "ಬ್ಯಾಟರಿಗೆ ಚಾರ್ಜರ್ ಹಚ್ಚತೀರೇನ್ರಿ?" ಎಂದು ಕೇಳಲು ಸಂಕೋಚ ಬೇಡ. ಕರೆಂಟ್ ಹೋಗಿಬರುವ ಊರುಗಳಲ್ಲಿ ಇದು ಇನ್ನೂ ಮುಖ್ಯ. ಬ್ಯಾಟರಿ ನಾಲ್ಕು ವರ್ಷ ದಾಟಿದ್ದರೆ ಮೊದಲೇ ಲೋಡ್ ಟೆಸ್ಟ್ ಮಾಡಿಸಿ.

ರೀಕಾಲ್ ಕೆಲಸಕ್ಕೆ ಭಾಗಕ್ಕಾಗಲಿ ಕೂಲಿಗಾಗಲಿ ಹಣ ಕೊಡುವ ಹಾಗಿಲ್ಲ. ಅದರ ಜೊತೆ ಸಾಮಾನ್ಯ ಸರ್ವೀಸನ್ನೂ ಸೇರಿಸಿ ಬಿಲ್ ಮಾಡುತ್ತಾರೆ. ಬೇಡವಾದರೆ ಬರವಣಿಗೆಯಲ್ಲಿ "ಕ್ಯಾಂಪೇನ್ ಕೆಲಸ ಮಾತ್ರ" ಎಂದು ಬರೆಸಿ. ಗಾಡಿ ಬಿಡಿಸಿಕೊಳ್ಳುವಾಗ ಜಾಬ್ ಕಾರ್ಡಿನಲ್ಲಿ ಛಾಸಿ ನಂಬರ್, ಕ್ಯಾಂಪೇನ್ ಕೋಡ್, ಮಾಡಿದ ಕೆಲಸ, ಓಡೋಮೀಟರ್, ತಾರೀಖು, ಕ್ಯಾಂಪೇನ್ ಮುಗಿದಿದೆ ಎಂಬ ಮಾತು, ಸಹಿ ಮತ್ತು ಸೀಲು ಇರಬೇಕು. ಮಾರುಕಟ್ಟೆಯಲ್ಲಿ ಬೆಲೆ ಇರುವುದು ಈ ಕಾಗದಕ್ಕೆ. ಬಾಯಿಮಾತಿನ "ಆಗೇದ ಸರ್" ಎಂಬುದಕ್ಕೆ ಕೊಳ್ಳುವವನು ಒಂದು ರೂಪಾಯಿಯನ್ನೂ ಕೊಡುವುದಿಲ್ಲ.

ಹಂತ 5: ಮೊದಲ 1,500 ಕಿಲೋಮೀಟರ್

ಅಪ್‌ಡೇಟ್ ಆದ ಗಾಡಿ ಸೆನ್ಸರುಗಳ ಲೆಕ್ಕವನ್ನು ಹೊಸದಾಗಿ ಕಲಿಯುತ್ತದೆ. ಮೊದಲ ಒಂದು ಟ್ಯಾಂಕನ್ನು ಎಣಿಸದೆ ಬಿಡಿ, ನಂತರದ ಮೂರನ್ನು ಅಳೆಯಿರಿ. ಮೈಲೇಜ್ ಐದು ಶೇಕಡದೊಳಗೆ ಹೆಚ್ಚುಕಡಿಮೆ ಆಗುವುದು ಅಳತೆಯ ದೋಷವೂ ಆಗಿರಬಹುದು. ಹತ್ತು ಶೇಕಡಕ್ಕಿಂತ ಹೆಚ್ಚು ಬಿದ್ದರೆ ಹಳೆಯ ಅಂಕಿಗಳೊಂದಿಗೆ ಲಿಖಿತ ದೂರು ಕೊಡಿ.

ಡಿಪಿಎಫ್ ಇರುವ ಗಾಡಿಗೆ ವಾರಕ್ಕೊಮ್ಮೆ ಹೆದ್ದಾರಿ ಓಟ ಬೇಕು: 60 ಕಿ.ಮೀ. ವೇಗಕ್ಕಿಂತ ಮೇಲೆ, ನಿಲ್ಲದೆ, 25 ನಿಮಿಷ. ಕಲಬುರಗಿಯಿಂದ ಜೇವರ್ಗಿ ಕಡೆ ಅಥವಾ ಬೀದರಿನಿಂದ ಹುಮನಾಬಾದ್ ಕಡೆ ಹೋಗಿಬಂದರೆ ಸಾಕು. ಜಗತ್ ಸರ್ಕಲ್, ಸೂಪರ್ ಮಾರ್ಕೆಟ್, ಸೇಡಂ ರೋಡ್ ಎಂದು ದಿನಾ ಮೂರು ಕಿಲೋಮೀಟರ್ ಓಡುವ ಗಾಡಿಯಲ್ಲಿ ಮಸಿ ಸುಡಲು ಬೇಕಾದ ಸುಮಾರು 600 ಡಿಗ್ರಿ ಶಾಖ ಏರುವುದೇ ಇಲ್ಲ. ಐಡ್ಲಿಂಗ್ ಏರಿ, ಫ್ಯಾನ್ ಜೋರಾಗಿ ತಿರುಗಿ, ಸುಟ್ಟ ವಾಸನೆ ಬರುತ್ತಿದ್ದರೆ ಡಿಪಿಎಫ್ ಸುಡುತ್ತಿದೆ ಎಂದರ್ಥ. ಆಗ ಇಂಜಿನ್ ಬಂದ್ ಮಾಡಬೇಡಿ, ಒಣ ಹುಲ್ಲು ಅಥವಾ ಕಣಕಿ ಬಣವೆಯ ಹತ್ತಿರ ನಿಲ್ಲಿಸಲೂ ಬೇಡಿ.

ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ. ಆಯಿಲ್ ಕಡಿಮೆಯಾಗುವುದು ಎಲ್ಲರಿಗೂ ಗೊತ್ತು. ಆದರೆ ಮಟ್ಟ ಏರುತ್ತಿದ್ದರೆ ಅದು ಇನ್ನೂ ಕೆಟ್ಟದ್ದು. ಮೂಸಿ ನೋಡಿ, ಡೀಸೆಲ್ ವಾಸನೆ ಬಂದರೆ ಆಯಿಲ್ ಮತ್ತು ಫಿಲ್ಟರ್ ಕೂಡಲೇ ಬದಲಿಸಿ. ತೆಳುವಾದ ಆಯಿಲ್ ಟರ್ಬೊ ಮತ್ತು ಬೇರಿಂಗನ್ನು ತಿನ್ನುತ್ತದೆ. ಮಟ್ಟ ಮೇಲಿನ ಗುರುತು ದಾಟಿದರೆ ಎಂಜಿನ್ ತನ್ನ ಆಯಿಲನ್ನೇ ಎಳೆದುಕೊಂಡು, ಕೀ ತೆಗೆದರೂ ನಿಲ್ಲದೆ ಓಡಬಹುದು. ಡಿಪಿಎಫ್ ಗಾಡಿಗೆ ಕಡಿಮೆ ಬೂದಿಯ ಆಯಿಲ್ ಮಾತ್ರ, ಅಂದರೆ ಡಬ್ಬಿಯ ಮೇಲೆ ಮ್ಯಾನುವಲ್ ಹೇಳಿದ ಎಸಿಇಎ ಸಿ2 ಅಥವಾ ಸಿ3 ದರ್ಜೆ ಇರಬೇಕು. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ.

ಆ್ಯಡ್‌ಬ್ಲೂ (ಹೊಗೆಯ ನೈಟ್ರೋಜನ್ ಆಕ್ಸೈಡ್ ಇಳಿಸುವ ದ್ರವ) ಹಾಕುವ ಗಾಡಿಯಾದರೆ ಇನ್ನೊಂದು ಎಚ್ಚರ. ಅದು 32.5 ಶೇಕಡ ಶುದ್ಧ ಯೂರಿಯಾ ದ್ರಾವಣ ನಿಜ, ಆದರೆ ಹೊಲಕ್ಕೆ ತಂದ ಯೂರಿಯಾ ಚೀಲ ಬಿಚ್ಚಿ ನೀರಲ್ಲಿ ಕರಗಿಸಿ ಹಾಕಿದರೆ ಇಂಜೆಕ್ಟರ್, ಪಂಪು, ಕ್ಯಾಟಲಿಸ್ಟ್ ಮೂರೂ ಹೋಗುತ್ತವೆ. ಐಎಸ್‌ಓ 22241 ಗುರುತಿನ ಸೀಲ್ ಡಬ್ಬಿಯನ್ನೇ ಕೊಳ್ಳಿ. 25 ಡಿಗ್ರಿಯಲ್ಲಿ 18 ತಿಂಗಳು ಬಾಳುವ ಈ ದ್ರಾವಣ 35 ಡಿಗ್ರಿಯಲ್ಲಿ 6 ತಿಂಗಳಷ್ಟೇ ತಾಳುತ್ತದೆ. ನಮ್ಮ ಬೇಸಿಗೆಗೆ ತಗಡಿನ ಶೆಡ್ಡಿನಲ್ಲಿ ಡಬ್ಬಿ ಕೂಡಿಡುವುದು ಬೇಡ.

ಈ ಅವಧಿಯಲ್ಲಿ ಹೊಗೆ ತಪಾಸಣೆಯ ಸರ್ಟಿಫಿಕೇಟ್ ನೋಡಿ ಸಮಾಧಾನಪಡಬೇಡಿ. ಡೀಸೆಲ್ ಗಾಡಿಗೆ ಪಿಯುಸಿ ಕೇಂದ್ರದಲ್ಲಿ ಅಳೆಯುವುದು ಹೊಗೆಯ ದಟ್ಟಣೆ ಮಾತ್ರ. ಬಿಎಸ್4 (ಭಾರತ್ ಸ್ಟೇಜ್ ಹೊಗೆ ಮಾನದಂಡ) ಗಾಡಿಗೆ ಹೊಗೆಯ ಬೆಳಕು ಹೀರಿಕೆಯ ಮಿತಿ ಮೀಟರಿಗೆ 1.62, ಬಿಎಸ್6ಕ್ಕೆ 0.7. ನೈಟ್ರೋಜನ್ ಆಕ್ಸೈಡನ್ನು ಅಲ್ಲಿ ಅಳೆಯುವುದೇ ಇಲ್ಲ. ಪಿಯುಸಿ ಪಾಸ್ ಆಯಿತೆಂದರೆ ರೀಕಾಲ್ ಬೇಕಿಲ್ಲ ಎಂಬ ವಾದ ಇದರಿಂದಲೇ ಬಿದ್ದುಹೋಗುತ್ತದೆ.

ಹಂತ 6: ಎಂಜಿನ್ ಇನ್ನೂ ಮೂರು ವರ್ಷ ತಾಳುತ್ತದೆಯೇ?

ಒಳ್ಳೆಯ ಡೀಸೆಲ್ ಮಿಸ್ತ್ರಿಯ ಬಳಿ ಅರ್ಧ ದಿನದ ಕೆಲಸ ಇದು. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಸಿ. ಸಾಮಾನ್ಯ ಕಾರ್ ಡೀಸೆಲ್‌ಗಳಲ್ಲಿ 25 ಬಾರ್ ಆಸುಪಾಸು ಇರಬೇಕು, ಸಿಲಿಂಡರುಗಳ ನಡುವೆ 5 ಬಾರ್‌ಗಿಂತ ಹೆಚ್ಚು ಅಂತರ ಇರಬಾರದು. ನಿಮ್ಮ ಎಂಜಿನ್ನಿನ ನಿಖರ ಅಂಕಿ ವರ್ಕ್‌ಶಾಪ್ ಮ್ಯಾನುವಲ್ಲಿನಲ್ಲಿರುತ್ತದೆ. ಇಂಜೆಕ್ಟರುಗಳ ರಿಟರ್ನ್ ಪೈಪಿಗೆ ಒಂದೊಂದು ಬಾಟಲಿ ಕಟ್ಟಿ ಐದು ನಿಮಿಷ ಐಡ್ಲಿಂಗ್ ಬಿಡಿಸಿ. ಒಂದು ಬಾಟಲಿಗೆ ಉಳಿದವುಗಳ ಎರಡರಷ್ಟು ಡೀಸೆಲ್ ಬಂದರೆ ಆ ಇಂಜೆಕ್ಟರ್ ಸವೆದಿದೆ. ಕೂಲಂಟ್ ಕಡಿಮೆಯಾಗುತ್ತಿದ್ದು ಹೊರಗೆಲ್ಲೂ ಸೋರದಿದ್ದರೆ ಇಜಿಆರ್ ಕೂಲರ್ ಮೇಲೆ ಸಂಶಯಪಡಿ, ಬೆಳಗಿನ ಬಿಳಿ ಹೊಗೆಯೂ ಜೊತೆಗಿರುತ್ತದೆ. ನೀಲಿ ಹೊಗೆ ಟರ್ಬೊ ಸೀಲ್ ಅಥವಾ ಪಿಸ್ಟನ್ ರಿಂಗಿನದು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬದಲಿಸಿದ ಬಿಲ್ ಹುಡುಕಿ. ಬಿಲ್ ಇಲ್ಲವೆಂದರೆ ಬದಲಿಸಿಲ್ಲ ಎಂದೇ ಹಿಡಿದು ಖರ್ಚಿಗೆ ಸೇರಿಸಿ. ಐಡ್ಲಿಂಗಿನಲ್ಲಿ ಕಟಕಟ ಸದ್ದು, ಕ್ಲಚ್ ತುಳಿದರೆ ನಿಂತರೆ, ಡ್ಯುಯಲ್ ಮಾಸ್ ಫ್ಲೈವೀಲ್ ಅಥವಾ ಕ್ಲಚ್ ಬೇರಿಂಗ್ ನೋಡಿಸಿ.

ಗ್ಲೋ ಪ್ಲಗ್ಗನ್ನು (ತಣ್ಣಗಿನ ಎಂಜಿನ್ ಎಬ್ಬಿಸಲು ಶಾಖ ಕೊಡುವ ಭಾಗ) ಮೇ ತಿಂಗಳಲ್ಲಿ ಪರೀಕ್ಷಿಸಿದರೆ ಎಲ್ಲವೂ ಸರಿ ಎಂದೇ ತೋರುತ್ತದೆ. ಬೀದರಿನ ಡಿಸೆಂಬರ್ ಮುಂಜಾವಿನಲ್ಲಿ ಗಾಡಿ ಒಂದೇ ಸಲಕ್ಕೆ ಎದ್ದರೆ ಆ ಮಾತು ನಂಬಬಹುದು.

ಭಾಗ ಸಿಗುತ್ತದೆಯೇ ಎಂಬುದೂ ಇಲ್ಲಿಯ ಪ್ರಶ್ನೆ. ಜನರಲ್ ಮೋಟರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿ ನಿಲ್ಲಿಸುವುದಾಗಿ ಘೋಷಿಸಿತು. ಟವೇರಾ, ಎಕೋಸ್ಪೋರ್ಟ್‌ನಂಥ ಗಾಡಿಗಳ ಫಿಲ್ಟರ್, ಬ್ರೇಕ್ ಪ್ಯಾಡ್‌ಗೆ ಕೊರತೆಯಾಗಲಿಕ್ಕಿಲ್ಲ. ಆದರೆ ಇಸಿಯು, ಹೆಡ್‌ಲೈಟ್, ಬಾಡಿ ಭಾಗ ಎಷ್ಟು ದಿನಕ್ಕೆ ಬರುತ್ತವೆ ಎಂದು ಎರಡು ಅಂಗಡಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಹಂತ 7: ಮೂರು ವರ್ಷದ ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಹಿಡಿದವು. ನಿಮ್ಮ ಗಾಡಿಯ ಅಂಕಿ ಹಾಕಿ ಮತ್ತೆ ಕೂಡಿಸಿ.

ರೀಕಾಲ್ ಮುಗಿದ ಡೀಸೆಲ್ ಗಾಡಿಗೆ ಇಂದು 3,80,000 ರೂ. ಬರುತ್ತದೆ, ಮೂರು ವರ್ಷದ ನಂತರ 2,00,000 ಎಂದಿಟ್ಟುಕೊಳ್ಳಿ. ಬೆಲೆಯ ಇಳಿತ 1,80,000. ದೊಡ್ಡ ರಿಪೇರಿಗೆ ತೆಗೆದಿಡುವ ಹಣ 1,20,000, ಸರ್ವೀಸ್ 45,000, ವಿಮೆ 45,000. ವರ್ಷಕ್ಕೆ 15,000 ಕಿ.ಮೀ. ಓಡಿದರೆ ಲೀಟರಿಗೆ 18ರಂತೆ ಮೂರು ವರ್ಷಕ್ಕೆ 2,500 ಲೀಟರ್, 90 ರೂಪಾಯಿಯಂತೆ 2,25,000. ಒಟ್ಟು 6,15,000.

ಇದನ್ನು ಮಾರಿ, 4,20,000 ಸಾಲ ಸೇರಿಸಿ 8,00,000ದ ಹೊಸ ಪೆಟ್ರೋಲ್ ಕಾರು ಕೊಂಡರೆ: ಬೆಲೆಯ ಇಳಿತ 2,80,000, ವಿಮೆ 90,000, ಸರ್ವೀಸ್ 30,000, 9 ಶೇಕಡದಂತೆ ಮೂರು ವರ್ಷದ ಬಡ್ಡಿ ಸುಮಾರು 61,000, ಲೀಟರಿಗೆ 15ರಂತೆ 3,000 ಲೀಟರ್ ಪೆಟ್ರೋಲ್ 103 ರೂಪಾಯಿಯಂತೆ 3,09,000. ಒಟ್ಟು 7,70,000. ಅಂತರ 1,55,000. ಅಂದರೆ ಹಳೇ ಗಾಡಿಯ ರಿಪೇರಿ ಮೂರು ವರ್ಷದಲ್ಲಿ 2,75,000 ದಾಟಿದರೆ ಮಾತ್ರ ಹೊಸದಕ್ಕೆ ಹೋದದ್ದು ಲಾಭ. ಆರನೇ ಹಂತದ ತಪಾಸಣೆಯಲ್ಲಿ ಇಂಜೆಕ್ಟರ್, ಟರ್ಬೊ, ಕ್ಲಚ್ ಮೂರೂ ಸೋತಿವೆ ಎಂದು ಬಂದರೆ ಆ ಮೊತ್ತ ದೂರವಿಲ್ಲ. ಒಂದೇ ಸೋತಿದ್ದರೆ ಗಾಡಿ ಇಟ್ಟುಕೊಳ್ಳಿ.

ವರ್ಷಕ್ಕೆ 5,000 ಕಿ.ಮೀ. ಮಾತ್ರ ಓಡಿಸುವವರ ಲೆಕ್ಕ ಬೇರೆ. ಡೀಸೆಲ್ ಇಟ್ಟುಕೊಂಡರೆ ಇಂಧನ 75,000, ಒಟ್ಟು 4,65,000. ಅದೇ 3,80,000ಕ್ಕೆ ಸಾಲವಿಲ್ಲದೆ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕೊಂಡರೆ ಇಳಿತ 1,30,000, ವಿಮೆ 45,000, ಸರ್ವೀಸ್ 45,000, ರಿಪೇರಿ 50,000, ಇಂಧನ 1,03,000, ಒಟ್ಟು 3,73,000. ಊರೊಳಗೇ ಓಡಾಡುವವರು, ಅದರಲ್ಲೂ ಡಿಪಿಎಫ್ ಗಾಡಿಯವರು, ಮಾರುವುದೇ ಸರಿ. ಶಾಲೆ, ತರಕಾರಿ ಮಾರುಕಟ್ಟೆ, ಆಸ್ಪತ್ರೆ ಎಂದು ಮೂರು ಕಿಲೋಮೀಟರಿನ ಓಟಕ್ಕೆ ಡೀಸೆಲ್ ಎಂದೂ ಹೇಳಿಮಾಡಿಸಿದ್ದಲ್ಲ.

ಗಾಡಿ 15 ವರ್ಷ ಮುಟ್ಟಲು ಎಷ್ಟಿದೆ ಎಂಬುದನ್ನೂ ಸೇರಿಸಿ. ಕರ್ನಾಟಕದಲ್ಲಿ ದೆಹಲಿಯಲ್ಲಿ ಬಂದಂಥ 10 ವರ್ಷದ ನಿಷೇಧವಿಲ್ಲ. 15 ತುಂಬಿದ ಮೇಲೆ ಫಿಟ್ನೆಸ್ ಪಾಸ್ ಮಾಡಿಸಿ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಬಹುದು. ಆದರೆ 13 ದಾಟಿದ ಗಾಡಿಗೆ ಕೊಳ್ಳುವವನು ಆ ಖರ್ಚನ್ನು ಮೊದಲೇ ಮುರಿದುಕೊಳ್ಳುತ್ತಾನೆ.

ಹಂತ 8: ಕಂಪನಿಗೇ ವಾಪಸ್ ಕೊಡುವ ದಾರಿ

2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿತು, 2021ರ ಏಪ್ರಿಲ್ 1ರಿಂದ ಅದರ ನಿಯಮಗಳು ಜಾರಿಯಲ್ಲಿವೆ. ಕೇಂದ್ರ ಸರ್ಕಾರ ರೀಕಾಲ್ ಆದೇಶ ಹೊರಡಿಸಿದರೆ ತಯಾರಕರು ಗಾಡಿಯ ಪೂರ್ತಿ ಬೆಲೆ ಮರಳಿಸಬೇಕು, ಇಲ್ಲವೇ ಸಮಾನ ಅಥವಾ ಮೇಲಿನ ದರ್ಜೆಯ ಗಾಡಿ ಕೊಡಬೇಕು, ಇಲ್ಲವೇ ರಿಪೇರಿ ಮಾಡಿಕೊಡಬೇಕು. ನಡುವಿನ "ಇಲ್ಲವೇ" ಗಮನಿಸಿ. ರಿಪೇರಿ ಆಗುವಂತಿದ್ದರೆ ಕಂಪನಿ ಅದನ್ನೇ ಆರಿಸಿಕೊಳ್ಳುತ್ತದೆ. ಈ ನಿಯಮ 7 ವರ್ಷದೊಳಗಿನ ಗಾಡಿಗಳಿಗಷ್ಟೇ ಅನ್ವಯ. ಗಾಡಿಯ ಮೇಲೆ ಸಾಲವಿದ್ದರೆ ಮರಳುವ ಹಣದಲ್ಲಿ ಬ್ಯಾಂಕಿನ ಹಕ್ಕು ಮೊದಲು. ಕಂಪನಿ ತಾನಾಗಿ ಕರೆದ ರೀಕಾಲಿನಲ್ಲಿ ಹಣ ವಾಪಸ್ ಕೇಳುವ ನೇರ ದಾರಿ ಇದಲ್ಲ.

ಉಳಿದ ದಾರಿ ಜಿಲ್ಲಾ ಗ್ರಾಹಕರ ಆಯೋಗ. ರೀಕಾಲ್ ಮಾಡಿಸಿದ ಮೇಲೂ ಅದೇ ದೋಷ ಮರುಕಳಿಸಿದರೆ, ಅಥವಾ ರಿಪೇರಿ ಕೈಲಾಗದೆ ಗಾಡಿ ತಿಂಗಳುಗಟ್ಟಲೆ ನಿಂತರೆ ಇದು ಸಾಧುವಾದ ದಾರಿ. ಗಾಡಿ ಕೊಂಡದ್ದು ಹೈದರಾಬಾದಿನಲ್ಲೇ ಆಗಿದ್ದರೂ 2019ರ ಕಾಯ್ದೆ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲಿ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ಸಾಕು. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200 ರೂ., 20 ಲಕ್ಷದವರೆಗೆ 400 ರೂ. ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ದಾಖಲಾಗಬೇಕು. ಮೊದಲು 1915 ಸಹಾಯವಾಣಿಗೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ, ನಂತರ ಕಂಪನಿಗೆ ಮತ್ತು ಡೀಲರಿಗೆ 15 ದಿನದ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

ಅನೇಕ ದೂರುಗಳು ಬೀಳುವುದು ತಜ್ಞರ ವರದಿ ಇಲ್ಲದ್ದಕ್ಕೆ. ತಯಾರಿಕೆಯ ದೋಷ ಎಂದು ಹೇಳಿದರೆ ಸಾಲದು, ತೋರಿಸಬೇಕು. ಗಾಡಿಯನ್ನು ಪರೀಕ್ಷೆಗೆ ಕಳಿಸಿ ಎಂದು ಆಯೋಗಕ್ಕೇ ಅರ್ಜಿ ಹಾಕಿ. ಮೂರನೇ ಹಂತದ ಅಂಕಿಗಳು, ಎಲ್ಲ ಜಾಬ್ ಕಾರ್ಡುಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಹಳದಿ ಬೋರ್ಡಿನವರು ದೂರಿನಲ್ಲಿ ಒಂದು ಸಾಲು ಮರೆಯಬಾರದು: ಗಾಡಿಯನ್ನು ಸ್ವಂತ ದುಡಿಮೆಗೆ, ಹೊಟ್ಟೆಪಾಡಿಗೆ ಕೊಂಡದ್ದು ಎಂದು. ಅದಿಲ್ಲದಿದ್ದರೆ ವ್ಯಾಪಾರದ ಉದ್ದೇಶ ಎಂದು ಎದುರು ಪಕ್ಷದವರು ತಕರಾರು ತೆಗೆಯುತ್ತಾರೆ.

ಎಷ್ಟು ಕೇಳಬೇಕು? ಓಡಿಸಿದ ಕಿಲೋಮೀಟರಿನ ಪಾಲು ಕಳೆದು ಕೇಳಿದರೆ ಬೇಡಿಕೆಗೆ ತೂಕ ಬರುತ್ತದೆ. ಜರ್ಮನಿಯ ಸರ್ವೋಚ್ಚ ನ್ಯಾಯಾಲಯ 2020ರ ಮೇ 25ರಂದು ಫೋಕ್ಸ್‌ವ್ಯಾಗನ್ ಪ್ರಕರಣದಲ್ಲಿ ಬಳಕೆಯ ಮೌಲ್ಯ ಕಳೆದೇ ಹಣ ಮರಳಿಸಲು ಹೇಳಿತು. 10,00,000ದ ಗಾಡಿ, ಆಯುಷ್ಯ 2,50,000 ಕಿ.ಮೀ., ಓಡಿದ್ದು 80,000 ಎಂದಾದರೆ ಬಳಕೆಯ ಪಾಲು 3,20,000. ಉಳಿದ 6,80,000 ಕೇಳುವುದು ನ್ಯಾಯ. ಅದನ್ನೂ ಮಾರುಕಟ್ಟೆ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಂತರ 50,000ದ ಒಳಗಿದ್ದರೆ ವರ್ಷಗಟ್ಟಲೆ ತಾರೀಖಿಗೆ ಅಲೆಯುವುದಕ್ಕಿಂತ ಮಾರಿಬಿಡುವುದು ಉತ್ತಮ.

ಹಂತ 9: ಮಾರುವುದೇ ಆದರೆ

ರೀಕಾಲ್ ಆದದ್ದನ್ನು ಮುಚ್ಚಿಡಬೇಡಿ. ಛಾಸಿ ನಂಬರ್ ಹಾಕಿದರೆ ಯಾರಿಗಾದರೂ ತಿಳಿಯುವ ವಿಷಯ ಅದು. ಜಾಬ್ ಕಾರ್ಡ್ ಮುಂದಿಟ್ಟು ಮಾತು ಶುರು ಮಾಡಿ, ಮಾರಾಟದ ಕರಾರಿನಲ್ಲೂ ಕ್ಯಾಂಪೇನ್ ಕೋಡ್ ಮತ್ತು ಮುಗಿದ ತಾರೀಖು ಬರೆಯಿರಿ.

ಕೆಎ-32, ಕೆಎ-33, ಕೆಎ-38ರ ಗಾಡಿಯನ್ನು ರಾಜ್ಯದೊಳಗೇ ಮಾರಿದರೆ ಮಾಲಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30, ಸಾಲ ತೀರಿದ್ದರೆ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಓಸಿ. ಜಹೀರಾಬಾದ್, ಹೈದರಾಬಾದ್ ಅಥವಾ ಸೊಲ್ಲಾಪುರದವನಿಗೆ ಮಾರಿದರೆ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಓಸಿಯೂ ಬೇಕು. ಅವನು ಅಲ್ಲಿ ಮತ್ತೆ ತೆರಿಗೆ ಕಟ್ಟಬೇಕಾದ್ದರಿಂದ ನಿಮ್ಮ ದರದಿಂದ ಅದನ್ನು ಕಳೆಯುತ್ತಾನೆ. ಹಾಗಾಗಿ ಹೈದರಾಬಾದಿನ ದರ ಮೇಲುನೋಟಕ್ಕೆ ಹೆಚ್ಚು ಕಂಡರೂ ಕೈಗೆ ಬರುವ ಮೊತ್ತ ಕೇಳಿ ಹೋಲಿಸಿ.

ವಿಮೆಯ ನೋ ಕ್ಲೇಮ್ ಬೋನಸ್ ಗಾಡಿಗಲ್ಲ, ಮಾಲಕನಿಗೆ ಸೇರಿದ್ದು. ಕಂಪನಿಯಿಂದ ಅದರ ಸರ್ಟಿಫಿಕೇಟ್ ಬರೆಸಿಕೊಂಡರೆ ಮೂರು ವರ್ಷದೊಳಗೆ ಹೊಸ ಗಾಡಿಗೆ ಬಳಸಬಹುದು. ಫಾಸ್ಟ್ಯಾಗ್ ಬಂದ್ ಮಾಡಿಸಿ, ಬಾಕಿ ಚಲನ್ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಗಾಡಿ ಕೊಟ್ಟ ಕೂಡಲೇ ತಾರೀಖು ಮತ್ತು ಗಂಟೆ ಬರೆದ ಡೆಲಿವರಿ ಚೀಟಿಗೆ ಸಹಿ ಹಾಕಿಸಿಕೊಳ್ಳಿ. ಸಹಿ ಮಾಡಿದ ಖಾಲಿ ಫಾರ್ಮ್ ದಲ್ಲಾಳಿಯ ಕೈಗೆ ಕೊಟ್ಟು ಮನೆಗೆ ಬರುವ ರೂಢಿ ಅಪಾಯದ್ದು. ಮಾರಿದವರು ರಾಜ್ಯದೊಳಗಾದರೆ 14 ದಿನದೊಳಗೆ, ಹೊರಗಾದರೆ 45 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಅಪಘಾತವಾದರೆ ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿರುವ ಮಾಲಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ, ಗಾಡಿ ಕೈಬದಲಾಗಿ ಎಷ್ಟು ದಿನವಾಗಿದ್ದರೂ ಸರಿ. ಒಂದು ತಿಂಗಳಾದ ಮೇಲೆ ಪರಿವಾಹನ್ ಪೋರ್ಟಲಿನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ನಿಮ್ಮ ಹೆಸರು ಇನ್ನೂ ಅಲ್ಲೇ ಇದ್ದರೆ ಡೆಲಿವರಿ ಚೀಟಿ ಮತ್ತು ಫಾರ್ಮ್ 29ರ ಪ್ರತಿ ಹಿಡಿದು ಆರ್‌ಟಿಓ ಕಚೇರಿಗೆ ನೀವೇ ಹೋಗಿ.